ಸಮಸ್ಥಿತಿಯಲ್ಲೂ ಉಳಿಯುವ ತೊಡಕು: ದ್ವಿಧ್ರುವಿ ಮನೋರೋಗದಲ್ಲಿ ಆಲೋಚನೆ ಮತ್ತು ನೆನಪಿನ ಪುನಶ್ಚೇತನ

ದ್ವಿಧ್ರುವಿ ಮನೋರೋಗವನ್ನು, ಅಂದರೆ ಆಸ್ಪತ್ರೆಯ ಚೀಟಿಗಳಲ್ಲಿ ‘ಬೈಪೋಲಾರ್’ ಎಂದು ಕಾಣಿಸಿಕೊಳ್ಳುವ ಕಾಯಿಲೆಯನ್ನು, ವೈದ್ಯಶಾಸ್ತ್ರವೂ ಸಮಾಜವೂ ಬಹುಮಟ್ಟಿಗೆ ಭಾವಸ್ಥಿತಿಯ ಏರಿಳಿತವೆಂದೇ ಗುರುತಿಸುತ್ತ ಬಂದಿವೆ. ನಿದ್ದೆಯೇ ಬೇಡವೆಂಬಂತೆ ದಿನಗಟ್ಟಲೆ ಓಡಾಡುವುದು, ತಡೆಯಿಲ್ಲದೆ ಮಾತನಾಡುವುದು, ಕೈಮೀರಿ ಸಾಲ ಮಾಡಿ ಖರ್ಚು ಮಾಡುವುದು ಮೊದಲಾದ ಲಕ್ಷಣಗಳಿರುವ ಉನ್ಮಾದ ಒಂದು ತುದಿಯಾದರೆ, ಯಾವುದರಲ್ಲೂ ಆಸಕ್ತಿಯಿಲ್ಲದೆ, ಹಾಸಿಗೆ ಬಿಟ್ಟು ಏಳುವುದೂ ಭಾರವಾಗಿ, ಬದುಕೇ ಬೇಡವೆನಿಸುವ ಖಿನ್ನತೆ ಇನ್ನೊಂದು ತುದಿ. ಇವೆರಡರ ನಡುವಿನ ಅವಧಿಯನ್ನು, ಅಂದರೆ ಉನ್ಮಾದವೂ ಖಿನ್ನತೆಯೂ ಇಲ್ಲದ ಸಮಸ್ಥಿತಿಯನ್ನು, ಪೂರ್ಣ ಆರೋಗ್ಯದ ಅವಧಿಯೆಂದು ಭಾವಿಸುವ ರೂಢಿ ಬಹುಕಾಲ ನಡೆಯಿತು. ಆದರೆ ಕಾಯಿಲೆ ಹತೋಟಿಗೆ ಬಂದು ಮನೆಯವರು ಸಮಾಧಾನದ ಉಸಿರು ಬಿಟ್ಟ ಮೇಲೂ, ಮೊದಲು ಲೀಲಾಜಾಲವಾಗಿ ಕೂಡಿಸುತ್ತಿದ್ದ ಲೆಕ್ಕ ಎರಡೆರಡು ಸಲ ತಪ್ಪುವುದು, ಓದಿದ ಪುಟವನ್ನೇ ಮತ್ತೆ ಓದಬೇಕಾಗುವುದು, ಬೆಳಗ್ಗೆ ಒಪ್ಪಿಕೊಂಡ ಕೆಲಸ ಸಂಜೆಯ ಹೊತ್ತಿಗೆ ಮರೆತೇಹೋಗುವುದು ಎಷ್ಟೋ ಜನರ ನಿತ್ಯದ ಅನುಭವವಾಗಿರುತ್ತದೆ. ಈ ತೊಡಕು ಸೋಮಾರಿತನವಲ್ಲ, ಕಾಯಿಲೆಯದೇ ಒಂದು ಅಂಗ. ಪ್ರಯತ್ನದಿಂದ ಅದನ್ನು ತಗ್ಗಿಸಲು ಸಾಧ್ಯ. ಆದರೆ ಆ ಪ್ರಯತ್ನದ ಯಶಸ್ಸನ್ನು ಪರೀಕ್ಷೆಯ ಅಂಕಗಳಿಂದ ಅಳೆಯದೆ ಮರಳಿ ದಕ್ಕಿದ ಬದುಕಿನಿಂದ ಅಳೆಯಬೇಕು ಎಂಬುದು ಈ ಉಪನ್ಯಾಸದ ಪ್ರತಿಪಾದನೆ.

ಈ ತೊಡಕು ಇಷ್ಟು ತಡವಾಗಿ ಕಣ್ಣಿಗೆ ಬಿದ್ದುದಕ್ಕೆ ಚಾರಿತ್ರಿಕ ಕಾರಣವಿದೆ. ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪಲಿನ್ 1899ರಲ್ಲಿ ತನ್ನ ಪಠ್ಯಪುಸ್ತಕದ ಆರನೆಯ ಆವೃತ್ತಿಯನ್ನು ಪ್ರಕಟಿಸಿದಾಗ ತೀವ್ರ ಮನೋರೋಗಗಳನ್ನು ಎರಡಾಗಿ ವಿಂಗಡಿಸಿದನು. ಬುದ್ಧಿಶಕ್ತಿ ಕ್ರಮೇಣ ಕುಂದುತ್ತ ಹೋಗುವ, ಇಂದು ಸ್ಕಿಜೋಫ್ರೇನಿಯಾ ಎಂದು ಕರೆಯಲಾಗುವ ಕಾಯಿಲೆ ಒಂದು. ಬಂದು ಹೋಗುತ್ತ, ನಡುವೆ ರೋಗಿಯನ್ನು ಮೊದಲಿನಂತೆಯೇ ಬಿಟ್ಟುಕೊಡುವ ಉನ್ಮಾದ-ಖಿನ್ನತೆಯ ಕಾಯಿಲೆ ಇನ್ನೊಂದು. ಈ ವಿಂಗಡಣೆ ಚಿಕಿತ್ಸೆಗೆ ತಂದುಕೊಟ್ಟ ಸ್ಪಷ್ಟತೆ ದೊಡ್ಡದು; ಆದರೆ ಎರಡನೆಯ ಗುಂಪಿನವರ ಬುದ್ಧಿಶಕ್ತಿಗೆ ಏನೂ ಆಗುವುದಿಲ್ಲವೆಂಬ ನಂಬಿಕೆಯೂ ಅದರ ಜೊತೆಗೇ ಬೇರೂರಿತು. ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಲಿಥಿಯಂ ಲವಣದಿಂದ ಉನ್ಮಾದ ತಗ್ಗುವುದನ್ನು ವರದಿ ಮಾಡಿದ ಮೇಲೆ, ಡೆನ್ಮಾರ್ಕಿನ ಮೊಗೆನ್ಸ್ ಶೌ ಅದನ್ನು 1954ರಿಂದ ಮುಂದಕ್ಕೆ ಕ್ರಮಬದ್ಧವಾಗಿ ಪರೀಕ್ಷಿಸಿದ ಮೇಲೆ, ಕಾಯಿಲೆ ಮತ್ತೆ ಮತ್ತೆ ಮರುಕಳಿಸದಂತೆ ತಡೆಯುವುದು ಸಾಧ್ಯವಾಯಿತು. ಹೀಗೆ ವರ್ಷಗಟ್ಟಲೆ ಸಮಸ್ಥಿತಿಯಲ್ಲಿರುವವರ ಸಂಖ್ಯೆ ಬೆಳೆದಂತೆಲ್ಲ, ಅವರಲ್ಲಿ ಹಲವರು ಕೆಲಸಕ್ಕೆ ಮರಳಲಾಗದೆ, ಮರಳಿದರೂ ಉಳಿಯಲಾಗದೆ ಕಷ್ಟಪಡುತ್ತಿರುವುದು ಎದ್ದು ಕಾಣತೊಡಗಿತು.

ಬಾರ್ಸಿಲೋನಾದ ಅನಬೆಲ್ ಮಾರ್ಟಿನೆಸ್-ಅರಾನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮುಖ್ಯವಾದುದು. ಉನ್ಮಾದದಲ್ಲಿರುವವರು, ಖಿನ್ನತೆಯಲ್ಲಿರುವವರು, ಸಮಸ್ಥಿತಿಯಲ್ಲಿರುವವರು ಎಂಬ ಮೂರೂ ಗುಂಪುಗಳನ್ನು ಆರೋಗ್ಯವಂತರೊಂದಿಗೆ ಹೋಲಿಸಿ ನೋಡಿದಾಗ, ಕೇಳಿದ ಮಾತನ್ನು ನೆನಪಿಡುವ ಶಕ್ತಿ ಮತ್ತು ಯೋಜಿಸಿ ನಡೆಯುವ ಶಕ್ತಿ ಮೂರು ಗುಂಪುಗಳಲ್ಲೂ ಕಡಿಮೆಯಿರುವುದು ಕಂಡುಬಂತು. ಅಷ್ಟೇ ಅಲ್ಲ, ದೈನಂದಿನ ಬದುಕನ್ನು ನಡೆಸಿಕೊಂಡು ಹೋಗುವ ಸಾಮರ್ಥ್ಯಕ್ಕೂ ಈ ನೆನಪಿನ ಶಕ್ತಿಗೂ ನಂಟಿರುವುದು ತಿಳಿಯಿತು. ಬ್ರಿಟನ್ನಿನ ಲೂಸಿ ರಾಬಿನ್ಸನ್ ಮತ್ತು ಸಂಗಡಿಗರು 2006ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗಲೂ, ಸಮಸ್ಥಿತಿಯಲ್ಲಿರುವವರಲ್ಲಿ ಇವೇ ಎರಡು ಶಕ್ತಿಗಳು ಹೆಚ್ಚು ಕುಗ್ಗಿರುವುದು ದೃಢಪಟ್ಟಿತು.

ಇಲ್ಲಿ ಅರಿವಿನ ಸಾಮರ್ಥ್ಯವೆಂಬುದಕ್ಕೆ ವಿವರಣೆ ಅಗತ್ಯ. ಅದು ಒಂದೇ ಶಕ್ತಿಯಲ್ಲ. ಬೇಕಾದುದರ ಮೇಲೆ ಮನಸ್ಸನ್ನು ನಿಲ್ಲಿಸುವುದು ಗಮನ. ಕಂಡದ್ದನ್ನು ಕೇಳಿದ್ದನ್ನು ಗ್ರಹಿಸಿ ಪ್ರತಿಕ್ರಿಯಿಸಲು ತಗಲುವ ಹೊತ್ತಿಗೆ ಸಂಬಂಧಿಸಿದ್ದು ಗ್ರಹಿಕೆಯ ವೇಗ. ಅಂಗಡಿಯವನು ಹೇಳಿದ ಮೂರು ದರಗಳನ್ನು ತಲೆಯಲ್ಲಿ ಹಿಡಿದುಕೊಂಡೇ ಕೂಡಿಸುವಂಥ ಕ್ಷಣಕಾಲದ ನೆನಪನ್ನು ಮನಶ್ಶಾಸ್ತ್ರಜ್ಞರು ಕಾರ್ಯಸ್ಮೃತಿ ಎನ್ನುತ್ತಾರೆ. ಕೆಲಸವನ್ನು ಹಂತಗಳಾಗಿ ಒಡೆಯುವುದು, ಒಂದರಿಂದ ಇನ್ನೊಂದಕ್ಕೆ ಹೊರಳುವುದು, ತಟ್ಟನೆ ಹೊಳೆದುದನ್ನು ಮಾಡಿಬಿಡದೆ ತಡೆದುಕೊಳ್ಳುವುದು ಇವೆಲ್ಲ ಸೇರಿ ನಿರ್ವಹಣಾ ಶಕ್ತಿ. ಮಿದುಳಿನ ಮುಂಭಾಗ ಈ ಕೊನೆಯ ಶಕ್ತಿಯ ಮುಖ್ಯ ನೆಲೆ. ಮನೆಯವರು ‘ಮರೆವು’ ಎಂಬ ಒಂದೇ ಮಾತಿನಿಂದ ಸೂಚಿಸುವುದು ಇವುಗಳಲ್ಲಿ ಯಾವುದರ ಕೊರತೆಯಾದರೂ ಆಗಿರಬಹುದು, ಮತ್ತು ಯಾವುದರ ಕೊರತೆಯೆಂದು ತಿಳಿಯದೆ ಪರಿಹಾರಕ್ಕೆ ತೊಡಗಿದರೆ ಶ್ರಮ ವ್ಯರ್ಥವಾಗುತ್ತದೆ.

ನೆನಪಿನ ಪರೀಕ್ಷೆಯೊಂದನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಪರೀಕ್ಷಕರು 15 ಪದಗಳ ಪಟ್ಟಿಯೊಂದನ್ನು ಒಂದೊಂದಾಗಿ ಓದಿ ಹೇಳುತ್ತಾರೆ. ಕೇಳಿದವರು ನೆನಪಿರುವಷ್ಟನ್ನು ಯಾವ ಕ್ರಮದಲ್ಲಾದರೂ ಒಪ್ಪಿಸಬೇಕು. ಇದೇ ಪಟ್ಟಿಯನ್ನು ಐದು ಸಲ ಓದಿ ಐದು ಸಲ ಒಪ್ಪಿಸಲು ಹೇಳಿದ ಮೇಲೆ, ಗೊಂದಲವಾಗಲೆಂದು ಬೇರೊಂದು ಪಟ್ಟಿಯನ್ನು ಓದಲಾಗುತ್ತದೆ; ಸುಮಾರು 20 ನಿಮಿಷ ಕಳೆದ ಬಳಿಕ, ಮತ್ತೆ ಓದದೆಯೇ, ಮೊದಲ ಪಟ್ಟಿಯನ್ನು ಹೇಳಲು ಕೇಳಲಾಗುತ್ತದೆ. ಮರೆಗುಳಿತನದ ಕಾಯಿಲೆಯಾದ ಆಲ್‌ಝೈಮರ್ ಇರುವವರು ಕಲಿತ ಅಲ್ಪಸ್ವಲ್ಪವನ್ನೂ ಈ 20 ನಿಮಿಷಗಳಲ್ಲಿ ಕಳೆದುಕೊಳ್ಳುತ್ತಾರೆ. ದ್ವಿಧ್ರುವಿ ಮನೋರೋಗದಲ್ಲಿ ತೊಡಕು ಬಹುತೇಕ ಕಲಿಯುವ ಹಂತದಲ್ಲೇ ಇರುತ್ತದೆ. ಇದೇ ಬಗೆಯ ಇನ್ನೊಂದು ಪರೀಕ್ಷೆಯಲ್ಲಿ ಪಟ್ಟಿಯ ಪದಗಳು ಹಣ್ಣು, ಬಟ್ಟೆ, ಉಪಕರಣ ಮುಂತಾದ ಗುಂಪುಗಳಿಗೆ ಸೇರಿದ್ದರೂ ಅವನ್ನು ಚೆದುರಿಸಿ ಓದಲಾಗುತ್ತದೆ. ಆರೋಗ್ಯವಂತರು ತಮಗರಿವಿಲ್ಲದೆಯೇ ಹಣ್ಣುಗಳನ್ನೆಲ್ಲ ಒಟ್ಟಿಗೆ, ಬಟ್ಟೆಗಳನ್ನೆಲ್ಲ ಒಟ್ಟಿಗೆ ಹೇಳತೊಡಗುತ್ತಾರೆ. ಬಾಸ್ಟನ್ನಿನ ಥಿಲೋ ಡೆಕರ್ಸ್‌ಬಾಕ್ ಮತ್ತು ಸಂಗಡಿಗರು ಗಮನಿಸಿದಂತೆ, ದ್ವಿಧ್ರುವಿ ಮನೋರೋಗವಿರುವವರು ಸಮಸ್ಥಿತಿಯಲ್ಲೂ ಹೀಗೆ ಗುಂಪುಗೂಡಿಸುವುದು ಕಡಿಮೆ. ಉಗ್ರಾಣದಲ್ಲಿ ಸಾಮಾನನ್ನು ಸಿಕ್ಕಸಿಕ್ಕಲ್ಲಿ ಇಟ್ಟರೆ ಅದು ಕಳೆದುಹೋಗಿಲ್ಲದಿದ್ದರೂ ಬೇಕಾದಾಗ ಕೈಗೆ ಸಿಗುವುದಿಲ್ಲವಷ್ಟೆ; ಕೊರತೆಯಿರುವುದು ಇಡುವ ಕ್ರಮದಲ್ಲಿ. ಕ್ರಮವನ್ನು ಕಲಿಸಬಹುದಾದ್ದರಿಂದ ಈ ಸಂಗತಿ ದೊಡ್ಡ ಭರವಸೆಯ ಸಂಗತಿ.

ಈ ತೊಡಕು ಎಲ್ಲರನ್ನೂ ಒಂದೇ ಪ್ರಮಾಣದಲ್ಲಿ ಕಾಡುವುದಿಲ್ಲವೆಂಬುದನ್ನು ಒತ್ತಿ ಹೇಳಬೇಕು. ಅಮೆರಿಕದ ಕ್ಯಾಥರಿನ್ ಬರ್ಡಿಕ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದಂತೆ, ಅರಿವಿನ ಸಾಮರ್ಥ್ಯ ಆರೋಗ್ಯವಂತರಷ್ಟೇ ಚೆನ್ನಾಗಿರುವವರ ಗುಂಪೊಂದಿದೆ, ಕೆಲವು ಶಕ್ತಿಗಳಷ್ಟೇ ಕುಗ್ಗಿರುವವರ ಗುಂಪೊಂದಿದೆ, ಎಲ್ಲ ಶಕ್ತಿಗಳೂ ಗಣನೀಯವಾಗಿ ಕುಗ್ಗಿರುವವರ ಗುಂಪೂ ಇದೆ. ರೋಗದ ಹೆಸರು ಕೇಳಿದೊಡನೆ ಬುದ್ಧಿಗೆ ಮಂಕು ಕವಿಯಿತೆಂದು ತೀರ್ಮಾನಿಸುವುದು, ಏನೂ ಆಗಿಲ್ಲವೆಂದು ಅಲ್ಲಗಳೆಯುವಷ್ಟೇ ಅನ್ಯಾಯ. ಉನ್ಮಾದದ ಸರದಿಗಳು ಹೆಚ್ಚಿದಷ್ಟೂ ಈ ಕೊರತೆ ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ, ಕಾಯಿಲೆ ಮರುಕಳಿಸದಂತೆ ನೋಡಿಕೊಳ್ಳುವುದೇ ಅರಿವಿನ ಸಾಮರ್ಥ್ಯಕ್ಕೆ ಸಿಗುವ ಮೊದಲ ರಕ್ಷಣೆ.

ಪುನಶ್ಚೇತನದ ಮಾತಿಗೆ ಮೊದಲು, ತೊಡಕಿಗೆ ಸುಲಭವಾಗಿ ನಿವಾರಿಸಬಹುದಾದ ಕಾರಣಗಳಿವೆಯೇ ಎಂದು ಹುಡುಕುವುದು ವೈದ್ಯರ ಕರ್ತವ್ಯ, ಮತ್ತು ವಿಷಾದದ ಸಂಗತಿಯೆಂದರೆ ತಪ್ಪಿಹೋಗುವ ಹಂತವೂ ಇದೇ. ಮೇಲ್ನೋಟಕ್ಕೆ ಕಾಣದಷ್ಟು ಅಲ್ಪವಾಗಿ ಉಳಿದುಕೊಂಡ ಖಿನ್ನತೆ ಗಮನವನ್ನೂ ವೇಗವನ್ನೂ ಕುಗ್ಗಿಸುತ್ತದೆ. ಲಿಥಿಯಂ ಸೇವಿಸುವ ಕೆಲವರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸ ಮಂದವಾಗುವುದುಂಟು; ಹಾಗಾದಾಗ ಬರುವ ಆಯಾಸ ಮತ್ತು ಮರೆವನ್ನು ಮನೋರೋಗದ ಲೆಕ್ಕಕ್ಕೆ ಹಾಕಿದರೆ, ಒಂದು ರಕ್ತಪರೀಕ್ಷೆಯಿಂದ ತಿಳಿದು ಒಂದು ಮಾತ್ರೆಯಿಂದ ಸರಿಹೋಗಬಹುದಾದುದು ವರ್ಷಗಟ್ಟಲೆ ಉಳಿದುಬಿಡುತ್ತದೆ. ರಕ್ತದಲ್ಲಿ ಲಿಥಿಯಂ ಮಟ್ಟ ಅಗತ್ಯಕ್ಕಿಂತ ಮೇಲಿದ್ದರೂ ಮನಸ್ಸು ಜಡವಾಗುತ್ತದೆ. ಕೈನಡುಕ ಮತ್ತು ಮೈಬಿಗಿತಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ನೆನಪನ್ನು ನೇರವಾಗಿ ಕೆಡಿಸುತ್ತದೆ. ಅಗತ್ಯ ಮುಗಿದ ಮೇಲೂ ಅದು ಚೀಟಿಯಿಂದ ಚೀಟಿಗೆ ಸಾಗುತ್ತ ಹೋಗುವುದು ಅಪರೂಪವಲ್ಲ. ನಿದ್ದೆಗೆಂದು ಕೊಡುವ ಬೆಂಜೊಡಯಜೆಪೀನ್ ಗುಂಪಿನ ಮಾತ್ರೆಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ವಿದ್ಯುತ್ ಕಂಪನ ಚಿಕಿತ್ಸೆಯ ನಂತರ ಕೆಲವು ವಾರಗಳ ಮಟ್ಟಿಗೆ ನೆನಪು ಮಸುಕಾಗುವುದುಂಟೆಂದು ಮುಂಚೆಯೇ ತಿಳಿಸಿದ್ದರೆ ಅನಗತ್ಯ ಭಯ ತಪ್ಪುತ್ತದೆ. ಮದ್ಯ, ಸಕ್ಕರೆ ಕಾಯಿಲೆ, ಬೊಜ್ಜು ಇವೂ ತಮ್ಮ ಪಾಲನ್ನು ಸೇರಿಸುತ್ತವೆ. ಆದರೆ ಮಂಕುತನಕ್ಕೆ ಮಾತ್ರೆಯೇ ಕಾರಣವೆಂದು ತಾವೇ ಊಹಿಸಿಕೊಂಡು ಯಾರೂ ಅದನ್ನು ನಿಲ್ಲಿಸಬಾರದು. ವಿಶೇಷವಾಗಿ ಲಿಥಿಯಂ ಅನ್ನು ತಟ್ಟನೆ ನಿಲ್ಲಿಸಿದರೆ ಉನ್ಮಾದ ಮರುಕಳಿಸುವ ಮತ್ತು ಆತ್ಮಹತ್ಯೆಯ ಅಪಾಯ ಹೆಚ್ಚುತ್ತದೆ. ವೈದ್ಯರೊಂದಿಗೆ ಮಾತನಾಡಿ ಪ್ರಮಾಣವನ್ನು ಹೊಂದಿಸಿಕೊಳ್ಳುವುದೇ ಸರಿಯಾದ ದಾರಿ.

ನಿದ್ದೆಗೆ ಪ್ರತ್ಯೇಕ ಸ್ಥಾನ ಸಲ್ಲಬೇಕು. ಅಂದು ಕಲಿತದ್ದು ಗಟ್ಟಿಯಾಗುವುದು ರಾತ್ರಿಯ ನಿದ್ದೆಯಲ್ಲಿ, ಉನ್ಮಾದಕ್ಕೆ ದಾರಿ ತೆರೆಯುವುದೂ ನಿದ್ದೆಗೇಡು. ಪಿಟ್ಸ್‌ಬರ್ಗಿನ ಎಲೆನ್ ಫ್ರಾಂಕ್ ರೂಪಿಸಿದ ದಿನಚರಿ ಚಿಕಿತ್ಸೆ ಏಳುವ, ಉಣ್ಣುವ, ಜನರೊಡನೆ ಬೆರೆಯುವ, ಮಲಗುವ ಹೊತ್ತುಗಳನ್ನು ಒಂದೇ ಲಯಕ್ಕೆ ತರುವುದನ್ನೇ ಮುಖ್ಯವಾಗಿಸಿಕೊಂಡಿದೆ. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಈ ಲಯ ಸಾಧಿಸಿದವರಲ್ಲಿ ಕಾಯಿಲೆ ಮರುಕಳಿಸುವುದು ತಡವಾಯಿತು. ರಾತ್ರಿ ಪಾಳಿಯ ಕೆಲಸ, ಮದುವೆ ಮನೆಯ ಜಾಗರಣೆ, ಪರೀಕ್ಷೆಯ ಹಿಂದಿನ ರಾತ್ರಿಯ ಓದು ಇವು ಇತರರಿಗೆ ಒಂದು ದಿನದ ಆಯಾಸವಾದರೆ ಈ ಕಾಯಿಲೆಯವರಿಗೆ ತಿಂಗಳುಗಳ ನಷ್ಟವಾಗಬಹುದು.

ಇಷ್ಟನ್ನು ಸರಿಪಡಿಸಿದ ಮೇಲೂ ಉಳಿಯುವ ಕೊರತೆಗೆ ಅರಿವಿನ ಪುನಶ್ಚೇತನವೆಂಬ ವಿಧಾನವಿದೆ. ಎರಡನೆಯ ಮಹಾಯುದ್ಧದಲ್ಲಿ ಮಿದುಳಿಗೆ ಗಾಯವಾದ ಸೈನಿಕರೊಂದಿಗೆ ರಷ್ಯಾದ ಅಲೆಕ್ಸಾಂಡರ್ ಲೂರಿಯಾ ಮೊದಲಾದವರು ನಡೆಸಿದ ಕೆಲಸದಲ್ಲಿ ಇದರ ಬೇರುಗಳಿವೆ. ಅನಂತರ ಇದು ಸ್ಕಿಜೋಫ್ರೇನಿಯಾ ಚಿಕಿತ್ಸೆಯಲ್ಲಿ ಬೆಳೆದು, ಅಲ್ಲಿಂದ ದ್ವಿಧ್ರುವಿ ಮನೋರೋಗಕ್ಕೆ ಬಂತು. ಕ್ಷೇತ್ರದ ತಜ್ಞರು 2020ರಲ್ಲಿ ಗುರುತಿಸಿದಂತೆ, ಕುಗ್ಗಿದ ಶಕ್ತಿಗೆ ಅಭ್ಯಾಸ ಕೊಡುವುದು, ಜೊತೆಯಲ್ಲಿದ್ದು ನಡೆಸುವ ತರಬೇತಾದ ಚಿಕಿತ್ಸಕರಿರುವುದು, ಸಮಸ್ಯೆ ಬಿಡಿಸುವ ಉಪಾಯಗಳನ್ನು ಕಲಿಸುವುದು, ಕಲಿತದ್ದನ್ನು ಮನೆ ಮತ್ತು ಕೆಲಸದ ಜಾಗಕ್ಕೆ ದಾಟಿಸುವುದು ಇವು ನಾಲ್ಕೂ ಇದ್ದಾಗಲೇ ಅದು ಪುನಶ್ಚೇತನವೆನಿಸುತ್ತದೆ. ಮೊಬೈಲಿನಲ್ಲಿ ಸಿಗುವ ‘ಮೆದುಳಿನ ಆಟ’ಗಳಲ್ಲಿ ಮೊದಲನೆಯದಷ್ಟೇ ಇರುತ್ತದೆ. ಅಂಥ ಆಟವನ್ನು ಆಡುತ್ತ ಹೋದವರು ಆ ಆಟದಲ್ಲಿ ನಿಪುಣರಾಗುತ್ತಾರೆ. ಆ ನೈಪುಣ್ಯ ಕಚೇರಿಯ ಲೆಕ್ಕದ ಪುಸ್ತಕದವರೆಗೆ ತಾನಾಗಿ ನಡೆದು ಬರುವುದಿಲ್ಲ.

ಈ ದಾಟಿಸುವ ಹಂತವನ್ನೇ ನಡುಮಧ್ಯದಲ್ಲಿಟ್ಟು ಕಟ್ಟಿದ ಪ್ರಯತ್ನವೆಂದರೆ ಬಾರ್ಸಿಲೋನಾದ ಎಡುಆರ್ಡ್ ವಿಯೆಟಾ ಅವರ ತಂಡದ್ದು. ‘ಕಾರ್ಯನಿರ್ವಹಣೆಯ ಪುನಶ್ಚೇತನ’ ಎಂದು ಕರೆಯಬಹುದಾದ ಈ ಕ್ರಮದಲ್ಲಿ ವಾರಕ್ಕೊಂದರಂತೆ 90 ನಿಮಿಷಗಳ 21 ಗುಂಪುಕೂಟಗಳು ನಡೆಯುತ್ತವೆ. ಗಮನ, ನೆನಪು, ನಿರ್ವಹಣಾ ಶಕ್ತಿ ಎಂದರೇನು, ಕಾಯಿಲೆಯಲ್ಲಿ ಅವು ಏಕೆ ಕುಗ್ಗುತ್ತವೆ ಎಂಬ ತಿಳಿವಳಿಕೆಯಿಂದ ಆರಂಭವಾಗಿ, ಪತ್ರಿಕೆಯ ಲೇಖನವೊಂದನ್ನು ಓದಿ ಅದರ ತಿರುಳನ್ನು ಹೇಳುವುದು, ದಿನಚರಿ ಪುಸ್ತಕವನ್ನು ಬಳಸುವುದು, ಮಾಡಬೇಕಾದ ಕೆಲಸಗಳಿಗೆ ಆದ್ಯತೆ ಕೊಟ್ಟು ಹೊತ್ತು ಗೊತ್ತುಮಾಡುವುದು, ಒತ್ತಡವನ್ನೂ ಹಣವನ್ನೂ ಸಂಬಂಧಗಳನ್ನೂ ನಿಭಾಯಿಸುವುದು ಹೀಗೆ ಕೂಟಗಳು ಮುಂದುವರಿಯುತ್ತವೆ. ಕೂಟದಲ್ಲಿ ಮಾಡಿದ್ದನ್ನು ಮನೆಯಲ್ಲಿ ಮಾಡಿ ನೋಡಲು ಅಭ್ಯಾಸ ಕೊಡಲಾಗುತ್ತದೆ. ಸ್ಪೇನಿನ 10 ಕೇಂದ್ರಗಳಲ್ಲಿ 239 ಜನರ ಮೇಲೆ ನಡೆದು, ಕಾರ್ಲಾ ಟೊರೆಂಟ್ ಮತ್ತು ಸಂಗಡಿಗರಿಂದ 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಕೂಟಗಳಿಗೆ ಬಂದವರ ಬದುಕಿನ ನಿರ್ವಹಣೆ, ವಿಶೇಷವಾಗಿ ಕೆಲಸ ಮತ್ತು ಪರಸ್ಪರ ಸಂಬಂಧಗಳ ಕ್ಷೇತ್ರಗಳಲ್ಲಿ, ಮಾಮೂಲಿ ಚಿಕಿತ್ಸೆಯಷ್ಟೇ ಪಡೆದವರಿಗಿಂತ ಸ್ಪಷ್ಟವಾಗಿ ಸುಧಾರಿಸಿತು. ಗಮನಾರ್ಹ ಸಂಗತಿಯೆಂದರೆ, ಅರಿವಿನ ಪರೀಕ್ಷೆಗಳ ಅಂಕಗಳಲ್ಲಿ ಗುಂಪುಗಳ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಸೋಲೆಂದು ಓದುವವರಿದ್ದಾರೆ. ಆದರೆ ನೆನಪಿನ ಶಕ್ತಿ ಇದ್ದಷ್ಟೇ ಇದ್ದರೂ ಅದನ್ನು ಬಳಸುವ ಬಗೆ ತಿಳಿದು ಒಬ್ಬಾಕೆ ತನ್ನ ಕೆಲಸವನ್ನು ಉಳಿಸಿಕೊಂಡಳೆಂದರೆ, ಅಂಥ ಫಲವನ್ನು ಅಂಕಪಟ್ಟಿಯ ಎದುರು ಸಣ್ಣದೆನ್ನಲು ಕಾರಣವಿಲ್ಲ.

ಬೇರೆ ಬಗೆಯ ಫಲಗಳೂ ಬಂದಿವೆ. ಬಾಸ್ಟನ್ ಸಮೀಪದ ಮೆಕ್ಲೀನ್ ಆಸ್ಪತ್ರೆಯಲ್ಲಿ ಕ್ಯಾಥರಿನ್ ಲೆವಾಂಡೊಸ್ಕಿ ಅವರ ತಂಡ 24 ವಾರಗಳಲ್ಲಿ 70 ಗಂಟೆಗಳ ಕಂಪ್ಯೂಟರ್ ಅಭ್ಯಾಸ ಕೊಟ್ಟಾಗ, ಗ್ರಹಿಕೆಯ ವೇಗ ಮತ್ತು ಕಂಡದ್ದನ್ನು ನೆನಪಿಡುವ ಶಕ್ತಿ ಸುಧಾರಿಸಿದುದಲ್ಲದೆ, ಒಟ್ಟಾರೆ ಸುಧಾರಣೆ ಆರು ತಿಂಗಳ ನಂತರವೂ ಉಳಿದಿತ್ತು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ 60 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಚಿಕಿತ್ಸಕರ ಒಡನಾಟದಲ್ಲಿ ನಡೆದ 12 ವಾರಗಳ ಪುನಶ್ಚೇತನದಿಂದ ಅರಿವಿನ ಶಕ್ತಿಯೂ ಬದುಕಿನ ನಿರ್ವಹಣೆಯೂ ಸುಧಾರಿಸಿದವು. ಇದಕ್ಕೆ ವಿರುದ್ಧವಾಗಿ, ಕೋಪನ್‌ಹೇಗನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ, ಅಷ್ಟೇ ಅವಧಿಯ ಗುಂಪು ತರಬೇತಿಯಿಂದ ಅರಿವಿನ ಶಕ್ತಿಗೆ ಪ್ರಯೋಜನ ಕಾಣಲಿಲ್ಲ. ಅಭ್ಯಾಸ ವ್ಯಕ್ತಿಯ ಕೊರತೆಗೆ ತಕ್ಕಂತಿಲ್ಲದಿರುವುದು ಇದಕ್ಕೆ ಕಾರಣವಾಗಿರಬಹುದು. ಪುನಶ್ಚೇತನ ಮಂತ್ರವಲ್ಲ, ಒಬ್ಬೊಬ್ಬರಿಗೂ ಹೊಲಿದು ಕೊಡಬೇಕಾದ, ಬಹುಕಾಲ ಹಿಡಿಯುವ ಕೆಲಸ.

ಆದ್ದರಿಂದ ವ್ಯಕ್ತಿಯನ್ನು ಅಳೆಯುವ ಹಂತ ನಿರ್ಣಾಯಕ. ತನಗೆ ಮರೆವು ಹೆಚ್ಚಿದೆಯೆಂದು ರೋಗಿ ಹೇಳುವುದಕ್ಕೂ ಪರೀಕ್ಷೆಯಲ್ಲಿ ಕಾಣುವುದಕ್ಕೂ ಹಲವು ವೇಳೆ ತಾಳೆಯಾಗುವುದಿಲ್ಲ. ಅಲ್ಪ ಖಿನ್ನತೆಯಿರುವವರು ಕೊರತೆಯನ್ನು ಹೆಚ್ಚಿಸಿ ಕಾಣಬಹುದು, ಉಮೇದಿನಲ್ಲಿರುವವರು ಅದನ್ನು ಕಾಣದೆಯೇ ಇರಬಹುದು. ಎರಡನ್ನೂ ಕೇಳಬೇಕು, ಎರಡನ್ನೂ ನಂಬಬೇಕು. ಪರೀಕ್ಷೆ ರೋಗಿಯ ಭಾಷೆಯಲ್ಲೇ ಇರಬೇಕೆಂಬುದೂ ಇಲ್ಲಿ ಮುಖ್ಯ. ಒಂದು ನಿಮಿಷದಲ್ಲಿ ಒಂದು ಅಕ್ಷರದಿಂದ ಆರಂಭವಾಗುವ ಪದಗಳನ್ನು ಹೇಳುವ ಪರೀಕ್ಷೆಯಲ್ಲಿ ಇಂಗ್ಲಿಷಿನ ಎಫ್, ಎ, ಎಸ್ ಅಕ್ಷರಗಳ ಬಳಕೆಯಿದೆ; ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಶೋಭಿನಿ ರಾವ್ ಮತ್ತು ಸಂಗಡಿಗರು 2004ರಲ್ಲಿ ಹೊರತಂದ ನರಮನೋವೈಜ್ಞಾನಿಕ ಪರೀಕ್ಷಾಮಾಲೆಯಲ್ಲಿ ಇಂಗ್ಲಿಷ್ ಬಾರದವರಿಗೆ ಕ, ಪ, ಮ ಅಕ್ಷರಗಳಿವೆ, ಮತ್ತು ವಯಸ್ಸು, ಲಿಂಗ, ವಿದ್ಯಾಭ್ಯಾಸಕ್ಕೆ ತಕ್ಕ ಮಾನದಂಡಗಳಿವೆ. ಶಾಲೆಯ ಮೆಟ್ಟಿಲು ಹತ್ತದ ರೈತ ಮಹಿಳೆಯನ್ನು ಪದವೀಧರರ ಅಳತೆಗೋಲಿನಿಂದ ಅಳೆದು ಮಂದಬುದ್ಧಿಯೆಂದು ಬರೆಯುವ ಅಪಚಾರವನ್ನು ಇಂಥ ಮಾನದಂಡಗಳು ತಡೆಯುತ್ತವೆ.

ಮನೆಯಲ್ಲೇ ನಡೆಯಬಹುದಾದ ಪುನಶ್ಚೇತನವೂ ಉಂಟು, ಅದಕ್ಕೆ ಯಂತ್ರ ಬೇಕಿಲ್ಲ. ಬೀಗದ ಕೈ, ಕನ್ನಡಕ, ಮಾತ್ರೆಯ ಡಬ್ಬಿ ಇವುಗಳಿಗೆ ಒಂದೇ ಜಾಗವನ್ನು ಗೊತ್ತುಮಾಡಿದರೆ ಹುಡುಕಾಟಕ್ಕೆ ಹೋಗುತ್ತಿದ್ದ ಗಮನ ಬೇರೆ ಕೆಲಸಕ್ಕೆ ಉಳಿಯುತ್ತದೆ. ದಿನಸಿ ಪಟ್ಟಿಯನ್ನು ಬೇಳೆಕಾಳು, ತರಕಾರಿ, ಸೋಪು-ಪುಡಿ ಎಂದು ಗುಂಪಾಗಿ ಬರೆದು, ಒಮ್ಮೆ ನೋಡದೆ ಹೇಳಿ, ಅನಂತರ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗುವುದು ಪರೀಕ್ಷಾ ಕೊಠಡಿಯಲ್ಲಿ ಕಾಣದೆ ಹೋದ ಗುಂಪುಗೂಡಿಸುವ ಉಪಾಯದ ನೇರ ಅಭ್ಯಾಸ. ಹೊಸ ಹೆಸರನ್ನೋ ಹೊಸ ಲೆಕ್ಕದ ಕ್ರಮವನ್ನೋ ಕಲಿಯುವಾಗ ಒಂದೇ ಕೂರಿಕೆಯಲ್ಲಿ ಹತ್ತು ಸಲ ಉರುಹೊಡೆಯುವುದಕ್ಕಿಂತ, ಐದು ನಿಮಿಷಕ್ಕೆ, ಒಂದು ಗಂಟೆಗೆ, ಸಂಜೆಗೆ, ಮರುದಿನಕ್ಕೆ ಎಂದು ಅಂತರ ಹೆಚ್ಚಿಸುತ್ತ ನೆನಪಿಗೆ ತಂದುಕೊಳ್ಳುವುದು ಹೆಚ್ಚು ಕಾಲ ನಿಲ್ಲುತ್ತದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ಅಂತರ ಬಿಟ್ಟು ಕಲಿಯುವುದರ ಲಾಭವನ್ನು ತೋರಿಸಿದ್ದನು. ಇಲ್ಲಿ ಮನೆಯವರ ಪಾತ್ರ ಬಲು ದೊಡ್ಡದು. ‘ಎಷ್ಟು ಸಲ ಹೇಳಬೇಕು ನಿನಗೆ’ ಎಂಬ ಒಂದು ಮಾತು ಹುಟ್ಟಿಸುವ ಅಳುಕು ಇದ್ದ ಗಮನವನ್ನೂ ಕಸಿದುಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಕೇಳಿದ್ದನ್ನು ತಿರುಗಿ ಹೇಳಿಸಿಕೊಂಡರೆ ಅದೇ ಕೆಲಸ ನಡೆದುಹೋಗುತ್ತದೆ. ಎಲ್ಲವನ್ನೂ ತಾವೇ ಮಾಡಿ ಮುಗಿಸುವ ಅತಿಯಾದ ಅಕ್ಕರೆಯೂ ಅಭ್ಯಾಸದ ಅವಕಾಶವನ್ನು ಕಿತ್ತುಕೊಳ್ಳುತ್ತದೆಂಬುದನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು.

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ಸುಮಾರು ಶೇ. 0.5ರಷ್ಟು ಜನರಿಗೆ ಬದುಕಿನ ಯಾವುದೋ ಹಂತದಲ್ಲಿ ಈ ಕಾಯಿಲೆ ಬರುತ್ತದೆ. ಕಾಯಿಲೆಯಿರುವವರಲ್ಲಿ ಸುಮಾರು ಶೇ. 70ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆ. ಚಿಕಿತ್ಸೆಯೇ ತಲುಪದಲ್ಲಿ ಪುನಶ್ಚೇತನದ ಮಾತು ದೂರದ್ದೆನಿಸಬಹುದು. ಆದರೆ ಮಾತ್ರೆ ಬಿಟ್ಟವರಲ್ಲಿ ಹಲವರು ಕೊಡುವ ಕಾರಣ ‘ತಲೆ ಮಂಕಾಗುತ್ತದೆ’ ಎಂಬುದೇ ಆಗಿರುವಾಗ, ಆ ಮಂಕನ್ನು ಕಿವಿಗೊಟ್ಟು ಕೇಳುವುದು ಚಿಕಿತ್ಸೆಯಲ್ಲಿ ಉಳಿಸಿಕೊಳ್ಳುವುದಕ್ಕೂ ದಾರಿ. ಹಗಲಿರುಳು ತೆರೆದಿರುವ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಿ ಮೊದಲ ಸಲಹೆ ಪಡೆಯಬಹುದು.

ಕೆಲಸದ ಜಾಗದ ಪ್ರಶ್ನೆಗೆ ಕಾನೂನಿನ ಆಸರೆಯೂ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಒಳಗೊಂಡಿದ್ದು, ಸೇವೆಯಲ್ಲಿರುವಾಗ ವೈಕಲ್ಯ ಬಂದ ನೌಕರರನ್ನು ಅದೇ ಕಾರಣಕ್ಕೆ ತೆಗೆದುಹಾಕುವುದನ್ನಾಗಲಿ ಹುದ್ದೆಯಲ್ಲಿ ಕೆಳಗಿಳಿಸುವುದನ್ನಾಗಲಿ ಸರ್ಕಾರಿ ಸಂಸ್ಥೆಗಳಿಗೆ ನಿಷೇಧಿಸುತ್ತದೆ. ಕೆಲಸ ಮಾಡಲು ಅನುವಾಗುವ ಸಮಂಜಸ ಹೊಂದಾಣಿಕೆಗಳನ್ನು ಮಾಡಿಕೊಡಬೇಕೆಂದೂ ಹೇಳುತ್ತದೆ. ಈ ಕಾಯಿಲೆಯವರಿಗೆ ಬೇಕಾಗುವ ಹೊಂದಾಣಿಕೆಗಳಿಗೆ ಹಣವೇನೂ ಹೆಚ್ಚು ತಗಲುವುದಿಲ್ಲ. ಕಾಯಿಲೆಯ ಸರದಿ ಮುಗಿದ ಮೊದಲ ವಾರಗಳಲ್ಲಿ ಅರ್ಧ ದಿನದ ಕೆಲಸ ಕೊಟ್ಟು ಕ್ರಮೇಣ ಹೆಚ್ಚಿಸುವುದು, ರಾತ್ರಿ ಪಾಳಿಯನ್ನು ತಪ್ಪಿಸುವುದು, ಬಾಯಿಮಾತಿನ ಸೂಚನೆಗಳನ್ನು ಬರೆದು ಕೊಡುವುದು, ಗದ್ದಲದ ಕೌಂಟರಿನಿಂದ ಸ್ವಲ್ಪ ಒಳಗಿನ ಮೇಜಿಗೆ ಜಾಗ ಬದಲಿಸುವುದು, ದಿನದ ಲೆಕ್ಕವನ್ನು ಸಹೋದ್ಯೋಗಿಯೊಬ್ಬರು ಮೂರು ತಿಂಗಳ ಮಟ್ಟಿಗೆ ಮತ್ತೊಮ್ಮೆ ತಾಳೆ ನೋಡುವುದು ಇಂಥವೇ. ಇವನ್ನು ಯಾರು, ಯಾವಾಗ, ಹೇಗೆ ಕೇಳಬೇಕೆಂಬುದನ್ನು ಕಚೇರಿಗೆ ಮರಳುವ ಮುಂಚೆಯೇ ಚಿಕಿತ್ಸಕರು, ರೋಗಿ, ಮನೆಯವರು ಒಟ್ಟಿಗೆ ಕುಳಿತು ತೀರ್ಮಾನಿಸಿಕೊಳ್ಳಬೇಕು; ಏಕೆಂದರೆ ಮರಳಿದ ಮೊದಲ ತಿಂಗಳಲ್ಲಿ ಆಗುವ ತಪ್ಪುಗಳೇ ಉದ್ಯೋಗದ ಭವಿಷ್ಯವನ್ನು ನಿರ್ಧರಿಸಿಬಿಡಬಹುದು.